ಸ್ಕಾಲರ್‌ಶಿಪ್ ದುಡ್ಡಲ್ಲಿ ರೂಮ್ ಬಾಡಿಗೆ ಕಟ್ಕೊಂಡು ಕೊನೇ ವರ್ಷ ಮುಗಿಸೋದು ಹೇಗೆ

ರೂಮ್ ಬಾಡಿಗೆ ಪ್ರತಿ ತಿಂಗಳು 5ನೇ ತಾರೀಕು ಕೇಳ್ತಾರೆ, ಸ್ಕಾಲರ್‌ಶಿಪ್ ವರ್ಷಕ್ಕೊಂದ್ಸಲ ಬರುತ್ತೆ, ಅದೂ ಯಾವ ತಿಂಗಳು ಅಂತ ಯಾರೂ ಹೇಳಲ್ಲ. ಮನೆ ಬಿಟ್ಟು ಬಂದು ಓದೋರ ಕಷ್ಟ ಇರೋದೇ ಇಲ್ಲಿ. ದುಡ್ಡು ಕಮ್ಮಿ ಅನ್ನೋದು ನಿಜ, ಆದ್ರೆ ಅದಕ್ಕಿಂತ ಹೆಚ್ಚಾಗಿ ಬೇಕಾದಾಗ ಬರಲ್ಲ ಅನ್ನೋದೇ ನಮ್ಮನ್ನ ಬೀಳಿಸೋದು. ನಾನು ಎಚ್.ಡಿ. ಕೋಟೆ ಕಡೆಯವಳು, 2023ರಿಂದ 2025ರ ತನಕ ಮೈಸೂರಲ್ಲಿ ಎಂ.ಕಾಂ ಮಾಡ್ದೆ, ಹಾಸ್ಟೆಲ್ ಸೀಟ್ ಸಿಗಲಿಲ್ಲ, ಪಡುವಾರಹಳ್ಳೀಲಿ ಮೂರು ಜನ ಸೇರಿ ಒಂದು ರೂಮ್ ಹಿಡಿದಿದ್ವಿ. ಕೊನೇ ಸೆಮಿಸ್ಟರಲ್ಲಿ ಓದೇ ಬಿಟ್ಟುಬಿಡೋಣ ಅನ್ನೋ ತನಕ ಹೋಗಿ ವಾಪಸ್ ಬಂದೆ. ಆಗ ಇದನ್ನೆಲ್ಲ ಯಾರಾದ್ರೂ ಹೇಳಿಕೊಟ್ಟಿದ್ರೆ ಎಷ್ಟೋ ರಾತ್ರಿ ನಿದ್ದೆ ಉಳೀತಿತ್ತು, ಅದಕ್ಕೇ ಬರೀತಿದೀನಿ.

ಮೊದಲು ಲೆಕ್ಕ ಸರಿ ಮಾಡ್ಕೊಳ್ಳಿ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾಸಿರಿ ಇದ್ಯಲ್ಲ, 2013-14ರಲ್ಲಿ ಶುರುವಾಗಿದ್ದು, ಹಾಸ್ಟೆಲ್ ಸಿಗದೆ ಹೊರಗಿರೋ ಹುಡುಗ ಹುಡುಗೀರಿಗೆ ಊಟ ವಸತಿಗೆ ಅಂತ ಕೊಡೋದು, ನಾನು ಓದುವಾಗ ತಿಂಗಳಿಗೆ 1,500ರ ಲೆಕ್ಕದಲ್ಲಿ 10 ತಿಂಗಳಿಗೆ 15,000. ಎಲ್ರೂ ತಿಂಗಳಿಗೆ 1,500 ಬರುತ್ತೆ ಅಂತ ಮನಸ್ಸಲ್ಲಿ ಇಟ್ಕೊಂಡಿರ್ತಾರೆ, ಆದ್ರೆ ಬಾಡಿಗೆ 12 ತಿಂಗಳು ಕಟ್ಬೇಕು, ಹಾಗಾಗಿ ನಿಜವಾಗಿ ಕೈಗೆ ಬೀಳೋದು ತಿಂಗಳಿಗೆ 1,250. ನಮ್ಮ ರೂಮ್ ಬಾಡಿಗೆ 6,000, ತಲೆಗೆ 2,000, ನೀರು ಕರೆಂಟು ಅಂತ ಮೇಲೆ 200. ಅಂದ್ರೆ ವಿದ್ಯಾಸಿರಿ ಪೂರ್ತಿ ಬಂದ್ರೂ ತಿಂಗಳಿಗೆ 950 ಕಮ್ಮಿ, ಇನ್ನೂ ಊಟಕ್ಕೇ ಬಂದಿಲ್ಲ. ಈ 950ನ್ನ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೆ. ಯಾಕಂದ್ರೆ "ಹೇಗೋ ಆಗುತ್ತೆ" ಅಂದ್ಕೊಂಡಿದ್ದಷ್ಟು ದಿನ ಏನೂ ಆಗಲ್ಲ, ಎಷ್ಟು ಕಮ್ಮಿ ಬೀಳ್ತಿದೆ ಅನ್ನೋ ನಂಬರ್ ಕಣ್ಣಮುಂದೆ ಇದ್ರೆ ಅದಕ್ಕೆ ದಾರಿ ಹುಡುಕ್ತೀವಿ.

ಅದಕ್ಕಿಂತ ಮುಖ್ಯವಾದ ಮಾತು, ಈ ವರ್ಷದ ಸ್ಕಾಲರ್‌ಶಿಪ್ಪನ್ನ ಈ ವರ್ಷದ ಬಾಡಿಗೆಗೆ ಅಂತ ನಂಬ್ಕೋಬೇಡಿ. ಕೆಲವರಿಗೆ ಆ ವರ್ಷದ ಪರೀಕ್ಷೆ ಮುಗಿದ ಮೇಲೆ ಬರುತ್ತೆ. ಹಾಗಾಗಿ ಅದು ಬಂದ ದಿನ ಏನ್ ಮಾಡ್ಬೇಕು ಅಂದ್ರೆ, ಮೊದಲು ಹಳೇ ಬಾಕಿ ಇದ್ರೆ ತೀರಿಸಿ, ಉಳಿದಿದ್ದನ್ನ ಮುಂದಿನ ತಿಂಗಳುಗಳ ಬಾಡಿಗೆ ಅಂತ ಬೇರೆ ಎತ್ತಿಡಿ, ಆಗಿದ್ರೆ ಎರಡು ಮೂರು ತಿಂಗಳದ್ದು ಓನರಿಗೆ ಮುಂಚೇನೇ ಕೊಟ್ಟುಬಿಡಿ. ನಾನು ಮೊದಲನೇ ವರ್ಷದ್ದು ಬಂದಾಗ ಫೋನ್ ತಗೊಂಡೆ, ಸೆಕೆಂಡ್ ಹ್ಯಾಂಡೇ, ಆನ್‌ಲೈನ್ ಕ್ಲಾಸಿಗೆ ಬೇಕಿತ್ತು ನಿಜ, ಆದ್ರೆ ಅದರ ಬಿಸಿ ಕೊನೇ ಸೆಮಿಸ್ಟರಲ್ಲಿ ತಟ್ಟಿತು.

ಈಗ ಅರ್ಜಿ ವಿಷಯ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕೋದು ಎಲ್ರಿಗೂ ಗೊತ್ತು, ಸೈಬರ್ ಸೆಂಟರಲ್ಲಿ ಹಾಕಿಸಿ ಅಕ್ನಾಲೆಡ್ಜ್‌ಮೆಂಟ್ ಪ್ರಿಂಟ್ ತಗೊಂಡು ಬಂದ್ರೆ ಮುಗೀತು ಅಂದ್ಕೋತಾರೆ. ಮುಗಿಯಲ್ಲ. ಕಾಲೇಜಿಂದ ವೆರಿಫೈ ಆಗ್ಬೇಕು, ಡಾಕ್ಯುಮೆಂಟ್ಸಿಗೆ ಇ-ಅಟೆಸ್ಟೇಷನ್ ಆಗ್ಬೇಕು, ಯೂನಿವರ್ಸಿಟಿ ರಿಜಿಸ್ಟರ್ ನಂಬರ್ ತಾಳೆ ಆಗ್ಬೇಕು, ಆಮೇಲೆ ಇಲಾಖೆ, ಆಮೇಲೆ ಬ್ಯಾಂಕು. ಇದರಲ್ಲಿ ಎಲ್ಲಿ ನಿಂತಿದೆ ಅಂತ ಅದೇ ಪೋರ್ಟಲ್‌ನಲ್ಲಿ ಸ್ಟೇಟಸ್ ನೋಡಬಹುದು, 15 ದಿನಕ್ಕೊಮ್ಮೆ ನೋಡಿ, ನಿಂತಲ್ಲೇ ನಿಂತಿದ್ರೆ ಆ ಕಡೆ ಹೋಗಿ ಕೇಳಿ. ಕೇಳೋಕೆ ನಾಚಿಕೆ ಬೇಡ, ನಮ್ಮ ದುಡ್ಡು ಅದು. ಜಾತಿ ಆದಾಯ ಸರ್ಟಿಫಿಕೇಟ್ ನಾಡಕಚೇರೀಲಿ ಮಾಡಿಸಿದ್ದು, ಅದರ ಮೇಲೆ ಇರೋ ಆರ್‌ಡಿ ನಂಬರ್ ಹಾಕ್ತೀವಲ್ಲ, ಆದಾಯದ್ದು 5 ವರ್ಷ ಆದ್ಮೇಲೆ ನಡೆಯಲ್ಲ, ಪಿಯುಸೀಲಿ ಮಾಡಿಸಿದ್ದು ಪಿಜಿಗೆ ಬರೋ ಹೊತ್ತಿಗೆ ಸರಿಯಾಗಿ ಮುಗಿದಿರುತ್ತೆ, ಬೇಸಿಗೆ ರಜದಲ್ಲಿ ಊರಿಗೆ ಹೋದಾಗಲೇ ಹೊಸದು ಮಾಡಿಸ್ಕೊಂಡು ಬನ್ನಿ. ಆಧಾರ್‌ನಲ್ಲಿ ಒಂದು ಹೆಸರು ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು ಹೆಸರು ಇದ್ರೆ ಅದನ್ನೂ ಆಗ್ಲೇ ಸರಿ ಮಾಡಿಸಿ.

ಬ್ಯಾಂಕ್ ವಿಷಯದಲ್ಲಿ ನನಗಾದ ಪೆಟ್ಟು ಹೇಳ್ತೀನಿ. ಡಿಬಿಟಿ ದುಡ್ಡು, ಅಂದ್ರೆ ಸರ್ಕಾರ ನೇರವಾಗಿ ನಮ್ಮ ಬ್ಯಾಂಕಿಗೆ ಹಾಕೋ ದುಡ್ಡು, ನಾವು ಬರೆದು ಕೊಟ್ಟ ಅಕೌಂಟ್ ನಂಬರಿಗೆ ಬರಲ್ಲ, ಆಧಾರ್‌ಗೆ ಯಾವ ಬ್ಯಾಂಕ್ ಸೀಡ್ (ಜೋಡಣೆ) ಆಗಿದ್ಯೋ ಅಲ್ಲಿಗೆ ಹೋಗುತ್ತೆ. ಮೂರು ಕಡೆ ಅಕೌಂಟ್ ಇದ್ರೆ ಕೊನೇಲಿ ಯಾವುದಕ್ಕೆ ಸೀಡ್ ಮಾಡಿಸಿದ್ವೋ ಅದಕ್ಕೇ. ನಂದು ಊರಲ್ಲಿ ಪಿಯುಸಿ ಟೈಮಲ್ಲಿ ಮಾಡಿಸಿದ್ದ ಒಂದು ಹಳೇ ಅಕೌಂಟಿಗೆ ಸೀಡ್ ಆಗಿತ್ತು, ಅದು ಎರಡು ವರ್ಷದಿಂದ ವಹಿವಾಟಿಲ್ಲದೆ ನಿಂತುಹೋಗಿತ್ತು, ನಾನು ಮೈಸೂರಿನ ಅಕೌಂಟ್ ಪಾಸ್‌ಬುಕ್ ಹಿಡ್ಕೊಂಡು ದಿನಾ ನೋಡ್ತಿದ್ದೆ. ಆಮೇಲೆ ಗೊತ್ತಾಗಿ, ಊರಿಗೆ ಹೋಗಿ, ಕೆವೈಸಿ ಮಾಡಿಸಿ, ಸರಿ ಆಗೋ ಹೊತ್ತಿಗೆ ಎರಡು ತಿಂಗಳ ಬಾಡಿಗೆ ಬಾಕಿ. ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಓಟಿಪಿ ಹಾಕಿದ್ರೆ ಒಂದು ನಿಮಿಷದಲ್ಲಿ ಬ್ಯಾಂಕ್ ಹೆಸರು ಬರುತ್ತೆ. ಇವತ್ತೇ ನೋಡ್ಕೊಳ್ಳಿ ದಯವಿಟ್ಟು. ಡಿಬಿಟಿ ಕರ್ನಾಟಕ ಅಂತ ಆಪ್ ಇದೆ, ಅದರಲ್ಲಿ ಯಾವ ಯೋಜನೆ ದುಡ್ಡು ಯಾವ ದಿನ ಯಾವ ಬ್ಯಾಂಕಿಗೆ ಹೋಯ್ತು ಅಂತ ಕಾಣುತ್ತೆ.

ಇನ್ನೊಂದು, ಅಟೆಂಡೆನ್ಸ್ 75 ಪರ್ಸೆಂಟ್ ಇಲ್ದಿದ್ರೆ ಸ್ಕಾಲರ್‌ಶಿಪ್ಪೂ ಇಲ್ಲ ಪರೀಕ್ಷೇನೂ ಇಲ್ಲ, ಪಾರ್ಟ್ ಟೈಮ್ ಕೆಲಸಕ್ಕೆ ಅಂತ ಕ್ಲಾಸ್ ತಪ್ಪಿಸೋರು ಇದನ್ನ ಮೊದಲು ಲೆಕ್ಕ ಹಾಕ್ಬೇಕು, 300 ರೂಪಾಯಿ ಕೂಲಿಗೆ 15,000 ಕಳ್ಕೋತೀವಿ.

ಬೇರೆ ಎಲ್ಲಿಂದ ಬರಬಹುದು ಅಂತ ಕೇಳ್ತೀರ. ಅಪ್ಪಂಗೆ ಜಮೀನಿದ್ದು ರೈತರ ಗುರುತಿನ ನಂಬರ್ ಆದ ಎಫ್‌ಐಡಿ ಇದ್ರೆ ರೈತ ವಿದ್ಯಾನಿಧಿ ಅಂತ 2021ರಲ್ಲಿ ಮಾಡಿದ್ರು, ಡಿಗ್ರಿ ಹುಡುಗರಿಗೆ 5,000 ಹುಡುಗೀರಿಗೆ 5,500, ಪಿಜಿಗೆ 10,000 ಮತ್ತು 11,000 ಅಂತ ಆಗ ನಿಗದಿ ಆಗಿತ್ತು, ನಿಮ್ಮ ವರ್ಷಕ್ಕೆ ಏನಿದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಬಂದ್ರೆ ಬರಲಿ ಅಂತಿರಿ, ಬಾಡಿಗೆ ಲೆಕ್ಕಕ್ಕೆ ಹಿಡೀಬೇಡಿ. ಅಪ್ಪ ಅಮ್ಮ ಗಾರೆ ಕೆಲಸಕ್ಕೆ ಹೋಗೋರಾಗಿದ್ದು ಲೇಬರ್ ಕಾರ್ಡ್ ಇದ್ರೆ ಕಟ್ಟಡ ಕಾರ್ಮಿಕರ ಮಂಡಳಿಯಿಂದ ಮಕ್ಕಳ ಓದಿಗೆ ಸಹಾಯಧನ ಇದೆ, ಕಾರ್ಡ್ ರಿನ್ಯೂವಲ್ ಆಗಿದ್ಯಾ ನೋಡ್ಕೊಳ್ಳಿ. ಯುವನಿಧಿ ಬಗ್ಗೆ ತುಂಬಾ ಜನ ತಪ್ಪು ತಿಳ್ಕೊಂಡಿದಾರೆ. ಡಿಗ್ರಿ ಆದವರಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದ ತನಕ ಕೊಡ್ತಾರೆ ನಿಜ, ಆದ್ರೆ ಪಾಸಾಗಿ 180 ದಿನ ಆದ್ರೂ ಕೆಲಸ ಇಲ್ದವರಿಗೆ ಅದು, ಮುಂದೆ ಓದ್ತಿರೋರಿಗೆ ಬರಲ್ಲ. ಡಿಗ್ರಿ ಆಯ್ತಲ್ಲ ಅಂತ ಪಿಜಿ ಓದ್ತಾ ಓದ್ತಾ ಅರ್ಜಿ ಹಾಕಿ, ಓದ್ತಿಲ್ಲ ಅಂತ ಡಿಕ್ಲರೇಷನ್ ಕೊಟ್ಟು ಬಾಡಿಗೆಗೆ ಆಗುತ್ತೆ ಅನ್ನೋರಿದ್ರು ನಮ್ಮ ಕ್ಲಾಸಲ್ಲಿ, ಮಾಡ್ಬೇಡಿ, ಸುಳ್ಳು ಡಿಕ್ಲರೇಷನ್ ಮುಂದೆ ಸರ್ಕಾರಿ ಕೆಲಸಕ್ಕೆ ಹೋಗೋವಾಗ ಕುತ್ತಿಗೆಗೆ ಬರುತ್ತೆ.

ನಮ್ಮನೇಲಿ ಅಮ್ಮಂಗೆ ಗೃಹಲಕ್ಷ್ಮಿ 2,000 ಬರ್ತಿತ್ತು. ಮೊದಲನೇ ಸಲ ಬಂದಾಗ ಅಮ್ಮ ಪೂರ್ತಿ ನನ್ನ ಕೈಗೇ ಕೊಟ್ರು, ಬಾಡಿಗೆಗೆ ಅಂತ. ನನಗೆ ತಗೊಳ್ಳೋಕೆ ಆಗ್ಲಿಲ್ಲ, ತಗೊಂಡೆ, ಬಸ್ಸಲ್ಲಿ ಕೂತು ಅತ್ತೆ. ನಂತರ ಅಮ್ಮನ ಜೊತೆ ಕೂತು ಮಾತಾಡಿ ಒಂದು ಒಪ್ಪಂದ ಮಾಡ್ಕೊಂಡ್ವಿ, ಅದರಲ್ಲಿ 1,000 ನನಗೆ, 1,000 ಅಮ್ಮಂಗೇ, ಬಿಪಿ ಮಾತ್ರೆ ಅದೂ ಇದೂ ಅಂತ. ನಿಮ್ಮನೇಲೂ ಇದೇ ನಡೀತಿರುತ್ತೆ, ಎಷ್ಟು ತಗೋತೀವಿ ಅಂತ ಮೊದಲೇ ಬಾಯಿಬಿಟ್ಟು ಮಾತಾಡ್ಕೊಳ್ಳಿ, ಅಮ್ಮಂದಿರು ಕೇಳಿದ್ರೆ ಇಲ್ಲ ಅನ್ನಲ್ಲ, ಹಾಗಂತ ಪೂರ್ತಿ ಕೇಳಬಾರದು. ಆ 1,000 ಬಂದ ತಿಂಗಳು ಗೋಡೆ ಮೇಲಿನ 950 ತುಂಬ್ತಿತ್ತು, ತಡವಾದ ತಿಂಗಳು ಇಲ್ಲ.

ರೂಮ್ ಹುಡುಕೋವಾಗ್ಲೇ ಅರ್ಧ ಕೆಲಸ ಆಗುತ್ತೆ. ಕಾಲೇಜಿಗೆ ನಡ್ಕೊಂಡು ಹೋಗೋ ದೂರದಲ್ಲಿ 300 ಜಾಸ್ತಿ ಆದ್ರೂ ತಗೊಳ್ಳಿ, ಬಸ್ ಆಟೋ ಅಂತ ಅದಕ್ಕಿಂತ ಜಾಸ್ತಿ ಹೋಗುತ್ತೆ ಹುಡುಗರಿಗೆ, ಹುಡುಗೀರಿಗೆ ಶಕ್ತಿ ಯೋಜನೆ ಇರೋದ್ರಿಂದ ಸ್ವಲ್ಪ ದೂರ ಆದ್ರೂ ನಡೆಯುತ್ತೆ. ಅಡ್ವಾನ್ಸ್ ಎಷ್ಟು ಅನ್ನೋದನ್ನ ಬಾಡಿಗೆಗಿಂತ ಗಟ್ಟಿಯಾಗಿ ಮಾತಾಡಿ. ನಮ್ಮದು 30,000 ಕೇಳಿದ್ರು, ಮೂರು ಜನ ಹತ್ತತ್ತು ಸಾವಿರ ಹಾಕಿದ್ವಿ, ನನ್ನ ಪಾಲಿಗೆ ಅಪ್ಪ ರಾಗಿ ಮಾರಿದ್ದ ದುಡ್ಡು. ಅಗ್ರಿಮೆಂಟ್ 11 ತಿಂಗಳಿಗೆ ಮಾಡ್ತಾರೆ, ಯಾಕಂದ್ರೆ ಒಂದು ವರ್ಷ ಮೇಲಾದ್ರೆ ರಿಜಿಸ್ಟ್ರೇಷನ್ ಮಾಡಿಸ್ಬೇಕು. ಅದರಲ್ಲಿ ಮೂರು ವಿಷಯ ಬರೆದಿದ್ಯಾ ನೋಡಿ, ಬಿಡೋವಾಗ ಎಷ್ಟು ದಿನ ಮುಂಚೆ ಹೇಳ್ಬೇಕು, ಪೇಂಟಿಂಗ್‌ಗೆ ಅಂತ ಎಷ್ಟು ಮುರ್ಕೋತಾರೆ, ಮೂರರಲ್ಲಿ ಒಬ್ರು ಬಿಟ್ಟುಹೋದ್ರೆ ಏನು. ಈ ಮೂರನೇದನ್ನ ನಾವು ಕೇಳಿರಲಿಲ್ಲ. ಒಬ್ಬಳಿಗೆ ಮದುವೆ ಗೊತ್ತಾಗಿ ಡಿಸೆಂಬರಲ್ಲಿ ಹೋದ್ಲು, ಅವಳ 10,000 ಅಡ್ವಾನ್ಸ್ ನಾವೇ ಕೊಡ್ಬೇಕಾ ಓನರ್ ಕೊಡ್ತಾರಾ ಅಂತ ಗೊತ್ತಿಲ್ಲದೆ ಒಳ್ಳೆ ಸ್ನೇಹ ಹಾಳಾಯ್ತು, ತಲೆಗೆ 2,000 ಇದ್ದಿದ್ದು 3,000 ಆಯ್ತು, ಗೋಡೆ ಮೇಲಿನ 950 ಹೋಗಿ 1,950 ಬಂತು. ಬಂದ ದಿನವೇ ಒಂದು ಬಿಳಿ ಹಾಳೆ ಮೇಲೆ ಯಾರ ಅಡ್ವಾನ್ಸ್ ಎಷ್ಟು, ಮಧ್ಯದಲ್ಲಿ ಹೋಗೋರು ಬದಲಿಗೆ ಒಬ್ರನ್ನ ತಂದು ಬಿಟ್ಟು ಹೋಗ್ಬೇಕು ಅಂತ ಬರೆದು ಮೂವರೂ ಸೈನ್ ಹಾಕಿ ಇಟ್ಕೊಳ್ಳಿ.

ಬಾಡಿಗೆ ಕೈಗೆ ಕೊಡ್ಬೇಡಿ, ಯುಪಿಐನಲ್ಲಿ ಹಾಕಿ, ನೋಟ್‌ನಲ್ಲಿ ಯಾವ ತಿಂಗಳ ಬಾಡಿಗೆ ಅಂತ ಬರೀರಿ. ಕೈಗೇ ಬೇಕು ಅನ್ನೋ ಓನರ್ ಆದ್ರೆ ಒಂದು ಪುಟ್ಟ ನೋಟ್‌ಬುಕ್ಕಲ್ಲಿ ಸೈನ್ ಹಾಕಿಸ್ಕೊಳ್ಳಿ.

ಕರೆಂಟ್ ಬಿಲ್. ರೂಮಿಗೆ ಬೇರೆ ಮೀಟರ್ ಇದ್ರೆ ಬಾಡಿಗೆದಾರರಿಗೂ ಗೃಹಜ್ಯೋತಿ ಸಿಗುತ್ತೆ, ಬಿಲ್ ಮೇಲಿರೋ ಆರ್‌ಆರ್ ನಂಬರ್, ಆಧಾರ್, ಅಗ್ರಿಮೆಂಟ್ ಇಟ್ಕೊಂಡು ಸೇವಾಸಿಂಧುನಲ್ಲಿ ಹಾಕೋದು. 200 ಯೂನಿಟ್ ಅಂದ್ರೆ ಎಲ್ಲರಿಗೂ 200 ಫ್ರೀ ಅಲ್ಲ, ಆ ಮೀಟರಿನ ಹಳೇ ಆವರೇಜ್ ಮೇಲೆ ಸ್ವಲ್ಪ ಸೇರಿಸಿ ಅಷ್ಟು ಮಾತ್ರ, ಹಾಗಾಗಿ ಇಂಡಕ್ಷನ್ ಸ್ಟವ್ ತಂದಿಟ್ಟು ಫ್ರೀ ಅಂತ ಉರಿಸ್ಬೇಡಿ. ಬಿಲ್ ಸೊನ್ನೆ ಬರ್ತಿದ್ರೂ ತಿಂಗಳಿಗೆ 200, 300 ಕರೆಂಟಿಗೆ ಅಂತ ತಗೊಳ್ಳೋ ಓನರ್‌ಗಳು ಇದಾರೆ, ನಮ್ಮಲ್ಲೂ ಹಾಗೇ ಆಗಿತ್ತು. ಜಗಳ ಆಡಲಿಲ್ಲ, ಬಿಲ್ ಬಂದಾಗ ಫೋಟೋ ತೆಗೆದು "ಆಂಟಿ, ಈ ತಿಂಗಳು ಸೊನ್ನೆ ಬಂದಿದೆ, ನೀರಿಂದು 100 ಕೊಟ್ರೆ ಸಾಕಾ" ಅಂತ ಕೇಳಿದ್ವಿ, ಒಪ್ಕೊಂಡ್ರು.

ಊಟಕ್ಕೆ ಜಾಸ್ತಿ ಹೇಳಲ್ಲ. ಇಂದಿರಾ ಕ್ಯಾಂಟೀನಲ್ಲಿ ತಿಂಡಿ 5, ಊಟ 10 ರೂಪಾಯಿ, ಪರೀಕ್ಷೆ ಟೈಮಲ್ಲಿ ಅದೇ ನಮ್ಮನ್ನ ಕಾಪಾಡಿದ್ದು. ಊರಿಂದ ರಾಗಿಹಿಟ್ಟು, ರೇಷನ್ ಅಕ್ಕಿ, ಹುರುಳಿಕಾಳು ತರ್ತಿದ್ದೆ, ಹದಿನೈದು ದಿನಕ್ಕೊಮ್ಮೆ ಶಕ್ತಿ ಬಸ್ಸಲ್ಲಿ, ಚೀಲಕ್ಕೆ ಚಾರ್ಜ್ ಹಾಕದ ಕಂಡಕ್ಟರಣ್ಣ ಸಿಕ್ಕಿದ್ರೆ ಇನ್ನೂ ಖುಷಿ. ಅಡ್ರೆಸ್ ಪ್ರೂಫ್ ಇಲ್ದೇ ಬರೀ ಐಡಿ ತೋರಿಸಿ ತಗೊಳ್ಳೋ 5 ಕೇಜಿ ಪುಟ್ಟ ಸಿಲಿಂಡರ್ ಸಿಗುತ್ತೆ, ಮೂರು ಜನಕ್ಕೆ ಅದು ಸಾಕು. ಮೈಸೂರಲ್ಲಿ ಹಿಂದೆ ವಾರಾನ್ನ ಮಾಡ್ಕೊಂಡು, ಅಂದ್ರೆ ವಾರದ ಒಂದೊಂದು ದಿನ ಒಂದೊಂದು ಮನೇಲಿ ಉಂಡು ಎಷ್ಟೋ ಜನ ಓದಿ ದೊಡ್ಡವರಾಗಿದಾರೆ, ಹಳಬರು ಈಗ್ಲೂ ಹೇಳ್ತಾರೆ. ಓದೋ ಮಕ್ಕಳಿಗೆ ಅನ್ನ ಹಾಕೋದು ಈ ಊರಿಗೆ ಹೊಸದಲ್ಲ, ಹಾಗಾಗಿ ಪಕ್ಕದ ಮನೆಯವರು ಹಬ್ಬಕ್ಕೆ ಕರೆದ್ರೆ ಸಂಕೋಚ ಪಟ್ಕೊಂಡು ರೂಮಲ್ಲಿ ಕೂರಬೇಡಿ.

ರೂಮೇ ಬೇಡ ಅನ್ನೋ ದಾರಿನೂ ಒಮ್ಮೆ ಯೋಚ್ನೆ ಮಾಡಿ. ಹಾಸ್ಟೆಲ್ ಮೊದಲನೇ ವರ್ಷ ಸಿಗಲಿಲ್ಲ ಅಂತ ಬಿಟ್ಟುಬಿಡ್ತಾರೆ, ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಮಧ್ಯದಲ್ಲಿ ಬಿಟ್ಟುಹೋಗೋರಿಂದ ಸೀಟ್ ಖಾಲಿ ಆಗ್ತಾನೇ ಇರುತ್ತೆ, ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್ ಆಗ್ಲಿ ಸಮಾಜ ಕಲ್ಯಾಣ ಇಲಾಖೆದಾಗ್ಲಿ ವಾರ್ಡನ್ ಹತ್ರ ಹೋಗಿ ಹೆಸರು ಬರೆಸಿಟ್ಟು ಬನ್ನಿ. ಹಾಸ್ಟೆಲ್ ಸಿಕ್ಕಿದ್ರೆ ವಿದ್ಯಾಸಿರಿ ನಿಲ್ಲುತ್ತೆ ಅಂತ ಹಿಂಜರೀತಾರೆ, ಊಟ ವಸತಿ ಎರಡೂ ಸಿಗೋ ಹಾಸ್ಟೆಲ್ ಮುಂದೆ 15,000 ಏನೂ ಅಲ್ಲ. ಆಯಾ ಸಮುದಾಯದ ಹಾಸ್ಟೆಲ್‌ಗಳು, ಮಠದ ಹಾಸ್ಟೆಲ್‌ಗಳೂ ಇವೆ. ನಂಜನಗೂಡು ಚಾಮರಾಜನಗರ ಲೈನಿನವರು ರೈಲಲ್ಲಿ ಓಡಾಡೋಕಾಗುತ್ತಾ ನೋಡಿ, ರೈಲ್ವೇಲಿ ಡಿಗ್ರಿ ತನಕ ಹುಡುಗೀರಿಗೆ ಮನೆಯಿಂದ ಕಾಲೇಜಿಗೆ ಸೆಕೆಂಡ್ ಕ್ಲಾಸ್ ಮಂತ್ಲಿ ಪಾಸ್ ಫ್ರೀ, ಉಳಿದ ಸ್ಟೂಡೆಂಟ್ಸಿಗೂ ರಿಯಾಯಿತಿ ಇದೆ, ಕಾಲೇಜಿಂದ ಫಾರ್ಮ್ ತಗೊಂಡು ಹೋಗ್ಬೇಕು. ಕೊನೇ ಸೆಮಿಸ್ಟರಲ್ಲಿ ಕ್ಲಾಸ್ ಕಮ್ಮಿ ಇದ್ದು ಬರೀ ಪ್ರಾಜೆಕ್ಟ್ ಇದ್ರೆ ರೂಮ್ ಬಿಟ್ಟು ಹೀಗೆ ಓಡಾಡಿದ್ರೆ ನಾಲ್ಕು ತಿಂಗಳ ಬಾಡಿಗೆ ಉಳಿಯುತ್ತೆ. ನಮ್ಮೂರಿಗೆ ರೈಲಿಲ್ಲ, ಹಾಗಾಗಿ ನನಗೆ ಆಗಲಿಲ್ಲ.

ಇಷ್ಟೆಲ್ಲ ಮಾಡಿದ್ರೂ ಒಂದು ತಿಂಗಳು ಬಾಡಿಗೆ ಕೊಡೋಕೆ ಆಗಲ್ಲ. ಆಗುತ್ತೆ ಹಾಗೆ. ಆ ತಿಂಗಳು ಏನ್ ಮಾಡ್ತೀವಿ ಅನ್ನೋದ್ರ ಮೇಲೆ ಕೋರ್ಸ್ ಮುಗಿಯುತ್ತಾ ಇಲ್ವಾ ಅನ್ನೋದು ನಿಂತಿರುತ್ತೆ, ಅದಕ್ಕೇ ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ನಾನು ಮೊದಲು ಮಾಡಿದ್ದೇನಂದ್ರೆ ಓನರ್ ಕಣ್ಣಿಗೆ ಬೀಳದ ಹಾಗೆ ಓಡಾಡಿದ್ದು. ಬೆಳಗ್ಗೆ ಬೇಗ ಹೋಗೋದು, ರಾತ್ರಿ ಲೈಟ್ ಹಾಕದೆ ಕೂರೋದು, ಫೋನ್ ಬಂದ್ರೆ ಎತ್ತದೇ ಇರೋದು. ಇದ್ರಿಂದ ಅವರಿಗೆ ಅನುಮಾನ ಜಾಸ್ತಿ ಆಗುತ್ತೆ, ನಮಗೆ ಓದೋಕೂ ಆಗಲ್ಲ. ಕೊನೆಗೆ ಒಂದಿನ ನಾನೇ ಹೋಗಿ ಬಾಗಿಲು ತಟ್ಟಿದೆ. ಅಲ್ಲಿಂದ ಕಲಿತಿದ್ದು, 5ನೇ ತಾರೀಕು ದಾಟಿದ ಮೇಲೆ ಅಲ್ಲ, ಅದಕ್ಕಿಂತ ಒಂದು ವಾರ ಮುಂಚೆನೇ ಹೋಗ್ಬೇಕು. ಬರಿಗೈಲಿ ಹೋಗಬಾರದು, 500 ಆದ್ರೂ ಕೈಲಿ ಹಿಡ್ಕೊಂಡು ಹೋಗಿ. "ನಾಳೆ ಕೊಡ್ತೀನಿ, ನಾಡಿದ್ದು ಕೊಡ್ತೀನಿ" ಅನ್ನಬೇಡಿ, ಆ ಮಾತು ಎರಡು ಸಲ ತಪ್ಪಿದ್ರೆ ಮೂರನೇ ಸಲ ನಂಬಲ್ಲ. ನಾನು ಹೇಳಿದ್ದು ಹೀಗೆ, "ಆಂಟಿ, ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ, ನೋಡಿ ಫೋನಲ್ಲಿ ಸ್ಟೇಟಸ್ ಹೀಗಿದೆ, ಈಗ 500 ತಗೊಳ್ಳಿ, 20ನೇ ತಾರೀಕು ಟ್ಯೂಷನ್ ದುಡ್ಡು ಬರುತ್ತೆ, ಆಗ ಇನ್ನೊಂದು ಸಾವಿರ ಕೊಡ್ತೀನಿ, ಉಳಿದಿದ್ದು ಸ್ಕಾಲರ್‌ಶಿಪ್ ಬಂದ ದಿನ." ಅವರು ಬೈದ್ರು, ಮೊದಲೇ ಹೇಳೋದಲ್ವೇನಮ್ಮ ಅಂತ. ಆಮೇಲೆ ಕಾಫಿ ಕೊಟ್ರು. ಎಲ್ಲ ಓನರ್‌ಗಳೂ ಹಾಗಿರಲ್ಲ, ಗೊತ್ತು, ಆದ್ರೆ ಮಾತಾಡದೆ ಇದ್ರೆ ಒಳ್ಳೆಯವರೂ ಕೆಟ್ಟವರಾಗ್ತಾರೆ. ಮಾತಾಡಿದ್ದನ್ನ ಆವತ್ತೇ ವಾಟ್ಸಾಪಲ್ಲಿ ಒಂದು ಮೆಸೇಜ್ ಹಾಕಿಡಿ, ಎಷ್ಟು ಕೊಟ್ಟೆ, ಉಳಿದಿದ್ದು ಯಾವಾಗ ಅಂತ.

ಕೊನೇ ಎರಡು ಮೂರು ತಿಂಗಳಾಗಿದ್ರೆ ಅಡ್ವಾನ್ಸಲ್ಲೇ ಮುರ್ಕೊಳ್ಳಿ ಅಂತ ಕೇಳಿ. ತುಂಬಾ ಜನಕ್ಕೆ ಇದು ಹೊಳೆಯಲ್ಲ, ಅಡ್ವಾನ್ಸ್ ಅಲ್ಲಿ ಕೂತಿರುತ್ತೆ, ಇಲ್ಲಿ ನಾವು ಬಡ್ಡಿಗೆ ಸಾಲ ತಂದು ಬಾಡಿಗೆ ಕಟ್ತಿರ್ತೀವಿ. ಯಾವ ದಿನ ಖಾಲಿ ಮಾಡ್ತೀವಿ ಅಂತ ಬರೆದುಕೊಟ್ರೆ ಓನರಿಗೂ ಧೈರ್ಯ ಇರುತ್ತೆ. ಹೆದರಿಸಿ ನಾಳೇನೇ ಖಾಲಿ ಮಾಡಿ ಅಂದ್ರೆ ಗಾಬರಿ ಬೀಳ್ಬೇಡಿ. ತಿಂಗಳ ಬಾಡಿಗೆ ಮನೆಗೆ ಬೇರೆ ಒಪ್ಪಂದ ಏನೂ ಇಲ್ದಿದ್ರೆ 15 ದಿನದ ನೋಟಿಸ್ ಕೊಡ್ಬೇಕು ಅಂತ ಆಸ್ತಿ ವರ್ಗಾವಣೆ ಕಾಯ್ದೆ 106ನೇ ಸೆಕ್ಷನ್ನಲ್ಲಿದೆ, ಅಗ್ರಿಮೆಂಟ್ ಇದ್ರೆ ಅದರಲ್ಲಿ ಬರೆದಿದ್ದೇ ಲೆಕ್ಕ. ದುಡ್ಡಿಲ್ಲದೆ ಒದ್ದಾಡೋರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಕೋರ್ಟ್ ಆವರಣದಲ್ಲೇ ಇರುತ್ತೆ, ಹೆಣ್ಣುಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ನೋಡದೆ ವಕೀಲರನ್ನ ಉಚಿತವಾಗಿ ಕೊಡ್ತಾರೆ.

ಲೋನ್ ಆಪ್ ಕಡೆ ಮಾತ್ರ ಹೋಗ್ಬೇಡಿ, ಕೈ ಮುಗಿದು ಕೇಳ್ಕೋತೀನಿ. ಆಧಾರ್ ಫೋಟೋ ಹಾಕಿದ್ರೆ ಐದು ನಿಮಿಷಕ್ಕೆ 3,000 ಅಂತಾರೆ, ವಾರದಲ್ಲಿ ಅದು ಬೆಳೆಯುತ್ತೆ, ಕಟ್ಟದಿದ್ರೆ ಫೋನಲ್ಲಿರೋ ಎಲ್ಲರಿಗೂ ಕಾಲ್ ಮಾಡಿ ಮಾನ ತೆಗೀತಾರೆ. ಯಾರಾದ್ರೂ ಆಗ್ಲೇ ಸಿಕ್ಕಿಹಾಕ್ಕೊಂಡಿದ್ರೆ ಸೈಬರ್ ಕ್ರೈಂ ಸಹಾಯವಾಣಿ 1930ಗೆ ಫೋನ್ ಮಾಡಿ, ಮನೇಲಿ ಒಬ್ರಿಗಾದ್ರೂ ಹೇಳಿ, ಒಬ್ರೇ ಇಟ್ಕೊಂಡು ಕೊರಗಬೇಡಿ. ಕೆಲಸ ಬೇಕಂದ್ರೆ ಟ್ಯೂಷನ್ ಒಳ್ಳೇದು, ಸಂಜೆ ಎರಡು ಗಂಟೆ, ಅಟೆಂಡೆನ್ಸಿಗೆ ತೊಂದ್ರೆ ಇಲ್ಲ. ನಾನು ಹತ್ತನೇ ಕ್ಲಾಸಿನ ಮೂರು ಮಕ್ಕಳಿಗೆ ಲೆಕ್ಕ ಹೇಳಿಕೊಡ್ತಿದ್ದೆ, ಗೋಡೆ ಮೇಲಿನ 1,950 ತುಂಬಿದ್ದು ಆ ದುಡ್ಡಿಂದಲೇ. ಹುಡುಗರು ಭಾನುವಾರ ಮದುವೆ ಮನೇಲಿ ಬಡಿಸೋಕೆ ಹೋಗ್ತಾರೆ, ಕೂಲಿನೂ ಸಿಗುತ್ತೆ ಊಟನೂ ಆಗುತ್ತೆ, ಪರೀಕ್ಷೆ ಹಿಂದಿನ ದಿನ ಮಾತ್ರ ಒಪ್ಕೋಬೇಡಿ.

ರೂಮ್ ಬಿಡೋ ದಿನ ಗೋಡೆ, ಟಾಯ್ಲೆಟ್, ಫ್ಯಾನು, ಸ್ವಿಚ್ಚು ಎಲ್ಲದರ ವಿಡಿಯೋ ಮಾಡ್ಕೊಂಡು ಬೀಗ ಕೊಡಿ, ಅಡ್ವಾನ್ಸ್ ಅಲ್ಲೇ ಲೆಕ್ಕ ಮುಗಿಸಿ. ಗೃಹಜ್ಯೋತಿ ನಿಮ್ಮ ಆಧಾರ್‌ಗೆ ಮಾಡಿಸಿದ್ರೆ ಡಿ-ಲಿಂಕ್ ಮಾಡಿ ಹೋಗಿ, ಇಲ್ದಿದ್ರೆ ಮುಂದಿನ ಮನೇಲಿ ನಿಮಗೆ ಸಿಗಲ್ಲ. ಮಾರ್ಕ್ಸ್ ಕಾರ್ಡ್ ಬಂದ ಮೇಲೆ ಡಿಗ್ರಿ, ಪಿಜಿ ಯಾವುದೇ ಆಗ್ಲಿ 180 ದಿನ ಎಣಿಸಿ, ಕೆಲಸ ಸಿಕ್ಕಿರದಿದ್ರೆ, ಮುಂದೆ ಓದ್ತಿಲ್ಲದಿದ್ರೆ ಯುವನಿಧಿಗೆ ಆಗ ಅರ್ಜಿ ಹಾಕಿ. ಮತ್ತೆ ಕೋರ್ಸ್ ಮುಗೀತು ಅಂತ ಆ ಬ್ಯಾಂಕ್ ಅಕೌಂಟ್ ಮುಚ್ಚಬೇಡಿ, ಆಧಾರ್‌ಗೆ ಕೊಟ್ಟಿರೋ ಸಿಮ್ ಬಿಸಾಡಬೇಡಿ. ನನ್ನ ಕೊನೇ ವರ್ಷದ 15,000 ನಾನು ರೂಮ್ ಖಾಲಿ ಮಾಡಿ ಊರಿಗೆ ಬಂದು ಎರಡು ತಿಂಗಳಾದ ಮೇಲೆ ಬಂತು, ಅದರಲ್ಲಿ ಓನರ್ ಆಂಟಿಗೆ ಉಳಿಸಿಕೊಂಡಿದ್ದ 1,500 ಆವತ್ತೇ ಹಾಕಿದೆ.